ಅಮೆರಿಕದ ಆಸ್ಪತ್ರೆಯ ಭಾರ ಎತ್ತುವ ಪರೀಕ್ಷೆ: ಎದುರಿಸಿದವರು ಅನುಭವ ತಿಳಿಸಿ

ಮಣಿಪಾಲದಿಂದ ಪ್ರಶ್ನೆ:
ಅಮೆರಿಕದಲ್ಲಿ ನರ್ಸ್ ಆಗಲು ಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆ ಮುಗಿಸಿದ್ದೇನೆ, ಅಲ್ಲಿ ಕೆಲಸದ ಮೇಲೆ ನೆಲೆಸಲು ಕೊಡುವ ಇಬಿ-3 ವೀಸಾ ಬಂದಿದೆ. ಕೆಲಸಕ್ಕೆ ಸೇರುವ ಮುನ್ನ 50 ಪೌಂಡ್, ಅಂದರೆ ಸುಮಾರು 23 ಕಿಲೋ ತೂಕದ ಪೆಟ್ಟಿಗೆಯನ್ನು ನೆಲದಿಂದ ಸೊಂಟದ ಮಟ್ಟಕ್ಕೆ ಎತ್ತಿ ತೋರಿಸಬೇಕಂತೆ. ನಾಲ್ಕು ವರ್ಷದ ಹಿಂದೆ ನನಗೆ ಡಿಸ್ಕ್ ತೊಂದರೆಯಾಗಿತ್ತು. ಹೇಗೆ ತಯಾರಾಗಲಿ?

ಸುರತ್ಕಲ್‌ನ ಐಸಿಯು ಸಿಸ್ಟರ್:
ಇದೇ ಪರೀಕ್ಷೆಗೆಂದು ನಾನು ಮನೆಯಲ್ಲಿದ್ದ 25 ಕಿಲೋ ಕುಚ್ಚಲಕ್ಕಿಯ ಚೀಲವನ್ನು ದಿನಕ್ಕೆ ಹತ್ತು ಸಲ ಎತ್ತುತ್ತಿದ್ದೆ. ಒಂಬತ್ತನೆಯ ದಿನ ಸೊಂಟ ಹಿಡಿದು, ಚೀಲ ಕೈಜಾರಿ, ಅಡುಗೆಮನೆಯ ನೆಲದಲ್ಲೇ ಮಲಗಿಬಿಟ್ಟೆ. ಎಂಆರ್‌ಐಗೆ 6,500, ಬೆಲ್ಟಿಗೆ 1,450, ಫಿಸಿಯೋಥೆರಪಿ 22 ದಿನಕ್ಕೆ ತಲಾ 400ರಂತೆ 8,800, ಅತ್ತೆಯವರ ಒತ್ತಾಯಕ್ಕೆ ಮಾಡಿಸಿದ ಕಟಿಬಸ್ತಿಗೆ (ಸೊಂಟದ ಮೇಲೆ ಬಿಸಿ ಎಣ್ಣೆ ನಿಲ್ಲಿಸುವ ಆಯುರ್ವೇದ ಚಿಕಿತ್ಸೆ) 9,800. ಒಟ್ಟು 26,550 ರೂಪಾಯಿ ಖರ್ಚಾಯಿತು, ಸೇರುವ ದಿನ ಐದು ತಿಂಗಳು ಮುಂದೆ ಹೋಯಿತು. ಚೀಲಕ್ಕೆ ಹಿಡಿಕೆಯಿಲ್ಲ, ಎತ್ತುವಾಗ ಅಕ್ಕಿ ಒಂದು ಬದಿಗೆ ಜಾರುತ್ತದೆ ಎಂಬುದನ್ನು ಆಮೇಲೆ ಫಿಸಿಯೋದವರು ವಿವರಿಸಿದರು. ಅವರು 8 ಕಿಲೋದಿಂದ ಆರಂಭಿಸಿ, ಮಂಡಿ ಮಡಚಿ ಪೆಟ್ಟಿಗೆಯನ್ನು ಮೈಗೆ ಒತ್ತಿಕೊಂಡು ಏಳುವುದನ್ನು ಕಲಿಸಿದರು. ಪರೀಕ್ಷೆ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ನಾನು ಸೇರಿದ ವಾರ್ಡಿನಲ್ಲಿ ರೋಗಿಯನ್ನು ಎತ್ತುವುದಕ್ಕೆ ಚಾವಣಿಗೆ ಜೋಡಿಸಿದ ಯಂತ್ರವಿತ್ತು. ಹಾಗಾದರೆ ನನ್ನ ಸೊಂಟವನ್ನು ಯಾತಕ್ಕೆ ಪರೀಕ್ಷಿಸಿದರು ಎಂಬ ನೋವು ಇನ್ನೂ ಹೋಗಿಲ್ಲ.

ಕುಂದಾಪುರದಿಂದ:
ಯಂತ್ರವಿದ್ದ ವಾರ್ಡು ಸಿಕ್ಕಿದ್ದು ನಿಮ್ಮ ಪುಣ್ಯ. ಈ ಪರೀಕ್ಷೆ ಬೇಕೇ ಬೇಕು. ಇಲ್ಲಿಯದೇ ಒಂದು ಆಸ್ಪತ್ರೆಯಲ್ಲಿ ನನ್ನ ಜೊತೆಗಾರ್ತಿ ಬೆನ್ನುನೋವನ್ನು ಮುಚ್ಚಿಟ್ಟು ಕೆಲಸಕ್ಕೆ ಸೇರಿದ್ದರು. ರಾತ್ರಿ ಪಾಳಿಯಲ್ಲಿ ಆಯಾ ಇಲ್ಲದ ಹೊತ್ತು 110 ಕಿಲೋ ತೂಕದ ರೋಗಿಯನ್ನು ಮಗ್ಗುಲು ಬದಲಿಸುವಾಗ ಅವರು ನಡುವೆಯೇ ಕೈಬಿಟ್ಟರು, ಇಡೀ ಭಾರ ನನ್ನ ಬಲಗೈಗೆ ಬಂತು. ಭುಜದ ಸ್ನಾಯುರಜ್ಜು ಹರಿದು ಶಸ್ತ್ರಚಿಕಿತ್ಸೆಯಾಯಿತು, ಮೂರೂವರೆ ತಿಂಗಳ ಸಂಬಳ ಹೋಯಿತು, ಇಂದಿಗೂ ಆ ಕೈಯಿಂದ ಜಡೆ ಹಾಕಲಾಗುವುದಿಲ್ಲ. ನಮ್ಮಮ್ಮ ಗದ್ದೆಯಿಂದ ಅಕ್ಕಿ ಮುಡಿ ಹೊತ್ತವರು; 23 ಕಿಲೋ ಎತ್ತಲಾಗದವರು ಈ ವೃತ್ತಿಗೆ ಬರಬಾರದು.

ಕಂಕನಾಡಿಯಿಂದ, ಟೆಕ್ಸಾಸ್‌ನಲ್ಲಿದ್ದವರು:
ತಮ್ಮ ಭುಜ ಹರಿದದ್ದು ಆಯಾ ಇಲ್ಲದ್ದರಿಂದ, ಯಂತ್ರವಿಲ್ಲದ್ದರಿಂದ. ಸಹೋದ್ಯೋಗಿಯ ಮೇಲೆ ಸಿಟ್ಟೇಕೆ? ರೋಗಿಯನ್ನು ಕೈಯಿಂದ ಎತ್ತುವುದಕ್ಕೆ ಕೆಲಸದ ಸ್ಥಳದ ಸುರಕ್ಷತೆಯನ್ನು ಅಧ್ಯಯನ ಮಾಡುವ ಅಮೆರಿಕದ ಎನ್‌ಐಒಎಸ್‌ಎಚ್ ಸಂಸ್ಥೆಯ ಸೂತ್ರದಿಂದ 2007ರಲ್ಲಿ ಲೆಕ್ಕ ಹಾಕಿದ ಮಿತಿಯೇ 35 ಪೌಂಡ್, ಅಂದರೆ ಸುಮಾರು 16 ಕಿಲೋ. ಅದಕ್ಕಿಂತ ಹೆಚ್ಚಾದರೆ ಸಾಧನ ಬಳಸಬೇಕು. ಪೆಟ್ಟಿಗೆ ಅಲುಗಾಡುವುದಿಲ್ಲ, ರೋಗಿ ಹೆದರಿ ನಮ್ಮ ಕುತ್ತಿಗೆಗೆ ಜೋತುಬೀಳುತ್ತಾನೆ. ಸುರಕ್ಷಿತವಾಗಿ ರೋಗಿಯನ್ನು ಎತ್ತುವ ಬಗ್ಗೆ ಆಸ್ಪತ್ರೆಗಳು ನೀತಿ ರೂಪಿಸಬೇಕೆಂದು ಟೆಕ್ಸಾಸ್ 2005ರಲ್ಲೇ ಕಾನೂನು ಮಾಡಿತು. ಪ್ರಶ್ನೆ ಕೇಳಿದವರಿಗೆ ಒಂದು ಮಾತು: ಅಲ್ಲಿಯ 1990ರ ಅಂಗವೈಕಲ್ಯ ಕಾಯಿದೆಯಂತೆ, ಕೆಲಸ ಕೊಡುತ್ತೇವೆಂದು ಹೇಳುವ ಮೊದಲು ವೈದ್ಯಕೀಯ ತಪಾಸಣೆ ಮಾಡುವಂತಿಲ್ಲ.

ಕುಂದಾಪುರದಿಂದ:
ರಾತ್ರಿ ಎರಡು ಗಂಟೆಗೆ ರೋಗಿ ಹಾಸಿಗೆಯಿಂದ ಜಾರುವಾಗ ತಾವು ಕಾನೂನಿನ ಪುಸ್ತಕ ತೆರೆಯುತ್ತೀರಾ? ಕಟಿಬಸ್ತಿಗೆ ಹತ್ತು ಸಾವಿರ ಸುರಿದವರ ಮಾತನ್ನೂ ನಾನು ಒಪ್ಪುವುದಿಲ್ಲ.

ಸುರತ್ಕಲ್‌ನ ಐಸಿಯು ಸಿಸ್ಟರ್:
9,800, ಹತ್ತು ಸಾವಿರವಲ್ಲ. ಆ ಏಳು ದಿನ ನನಗೆ ನಿದ್ದೆಯಾದರೂ ಬಂತು, ಅದನ್ನು ಹೀಗಳೆಯಬೇಡಿ. ತಮ್ಮಮ್ಮ ಮುಡಿ ಹೊತ್ತರೆಂದಿರಿ. ನನ್ನಮ್ಮನೂ ಹೊತ್ತವರೇ, ಐವತ್ತೈದಕ್ಕೇ ನೆಟ್ಟಗೆ ನಿಲ್ಲಲಾಗದಂತಾದರು. ಮಣಿಪಾಲದ ಸಹೋದರಿ, ಹಳೆಯ ಎಂಆರ್‌ಐ ವರದಿಯನ್ನು ಫಿಸಿಯೋದವರಿಗೆ ತೋರಿಸುವವರೆಗೆ ಅಕ್ಕಿ ಚೀಲವನ್ನು ಮಾತ್ರ ಮುಟ್ಟಬೇಡಿ.