ಸಹಾಯ ಬೇಕು: ಅಮ್ಮನ ಸೊಂಟನೋವಿಗೆ ವ್ಯಾಯಾಮ ಕಲಿಸುವವರು

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಕಡೆಯ ತೋಟಗಳಲ್ಲಿ 25 ವರ್ಷ ಕಾಫಿ ಕೊಯ್ದ ನಮ್ಮ ತಾಯಿಯವರಿಗೆ ಎರಡು ವರ್ಷಗಳಿಂದ ಸೊಂಟನೋವಿದ್ದು, ಬೆಳಿಗ್ಗೆ ದಾರಂದ ಹಿಡಿಯದೆ ನೆಟ್ಟಗೆ ನಿಲ್ಲಲಾಗುವುದಿಲ್ಲ. ಎಂಆರ್‌ಐಯಲ್ಲಿ ಗಂಭೀರವಾದುದೇನೂ ಕಾಣಲಿಲ್ಲ. ಒಂದು ಆಸ್ಪತ್ರೆಯಲ್ಲಿ ಕೊಟ್ಟ ಬೆಲ್ಟ್ ಈಗ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯು ದೀರ್ಘಕಾಲದ ಸೊಂಟನೋವಿನ ಬಗ್ಗೆ 2023ರ ಡಿಸೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯು ಬೆಲ್ಟ್, ಟ್ರಾಕ್ಷನ್‌ (ಬೆನ್ನುಮೂಳೆಯನ್ನು ಎಳೆದು ಹಿಡಿಯುವ ಚಿಕಿತ್ಸೆ) ಇವುಗಳನ್ನು ವಾಡಿಕೆಯಾಗಿ ಬಳಸುವುದು ಬೇಡವೆಂದು ಹೇಳಿ, ವ್ಯಾಯಾಮಕ್ಕೂ ರೋಗಿಗೆ ತಿಳಿವಳಿಕೆ ನೀಡುವುದಕ್ಕೂ ಒತ್ತು ಕೊಡುತ್ತದೆ. ಮೂರು ತಿಂಗಳು ಮೀರಿದ ನೋವಿನಲ್ಲಿ ನರವ್ಯೂಹವೇ ಅತಿಸೂಕ್ಷ್ಮವಾಗಿರಬಹುದು, ಸ್ಕ್ಯಾನಿನಲ್ಲಿ ಕಾಣದ ಮಾತ್ರಕ್ಕೆ ನೋವು ಸುಳ್ಳಲ್ಲ ಎಂಬುದನ್ನು ಅಮ್ಮನಿಗೆ ಕನ್ನಡದಲ್ಲಿ ಸಾವಧಾನವಾಗಿ ವಿವರಿಸಿ, ಹಂತಹಂತವಾಗಿ ವ್ಯಾಯಾಮ ಕಲಿಸುವ ಫಿಸಿಯೋಥೆರಪಿಸ್ಟ್ ಚಿಕ್ಕಮಗಳೂರಿನಲ್ಲಾಗಲಿ ಹಾಸನದಲ್ಲಾಗಲಿ ಇದ್ದರೆ ದಯವಿಟ್ಟು ತಿಳಿಸಿ. ವಾರಕ್ಕೊಮ್ಮೆ ಬಸ್ಸಿನಲ್ಲಿ ಕರೆದುಕೊಂಡು ಬರಬಲ್ಲೆ. ಎಣ್ಣೆ, ಮುಲಾಮುಗಳ ಸಲಹೆ ಸದ್ಯಕ್ಕೆ ಬೇಡ. ಅವುಗಳಿಂದಲೇ ಮನೆಯ ಕಪಾಟು ತುಂಬಿದೆ.