ಪದಚರ್ಚೆ: ‘ರೆಗ್ಯುಲೇಟರಿ ಟಿ ಸೆಲ್’ ದಮನಕವೋ, ನಿಯಂತ್ರಕವೋ, ಕಡಿವಾಣವೋ?

ಮಾನ್ಯರೇ,

ಕರುಳಿನ ರೋಗನಿರೋಧಕ ಕೋಶಗಳನ್ನೇ ತಮ್ಮ ಬಾಳಿನ ಕೆಲಸವಾಗಿಸಿಕೊಂಡಿರುವ ಆಕ್ಸ್‌ಫರ್ಡಿನ ವಿಜ್ಞಾನಿ ಫಿಯೋನಾ ಪೌರಿ ಅವರ ಪರಿಚಯ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕಾಲೇಜೊಂದರ ವಿಜ್ಞಾನ ಪ್ರದರ್ಶನದ ಫಲಕಕ್ಕೂ ಇದೇ ಬರಹ ಹೋಗಬೇಕಾಗಿದ್ದು, ಶನಿವಾರದೊಳಗೆ ಮುದ್ರಣಕ್ಕೆ ಕೊಡಬೇಕು. ‘ರೆಗ್ಯುಲೇಟರಿ ಟಿ ಸೆಲ್’ ಮತ್ತು ‘ಟಾಲರೆನ್ಸ್’ ಎಂಬ ಎರಡು ಪದಗಳಿಗೆ ತೃಪ್ತಿಯಾಗುವ ಕನ್ನಡ ಸಿಗುತ್ತಿಲ್ಲ. ಟಿ ಕೋಶಗಳು ರೋಗನಿರೋಧಕ ವ್ಯವಸ್ಥೆಯ ಒಂದು ಬಗೆಯ ಬಿಳಿ ರಕ್ತಕಣಗಳು; ಅವುಗಳಲ್ಲಿ ಉಳಿದವನ್ನು ಹಿಡಿತದಲ್ಲಿಡುವಂಥವು ಮೊದಲನೆಯ ಪದದವು. ದೇಹವು ತನ್ನದೇ ಅಂಶಗಳ ಮೇಲೆ, ಹಾನಿಯಿಲ್ಲದವುಗಳ ಮೇಲೆ ದಾಳಿ ಮಾಡದೆ ಸುಮ್ಮನಿರುವುದು ಎರಡನೆಯದು. ನಿಘಂಟಿನ ಅರ್ಥಗಳು ನನ್ನ ಬಳಿ ಇವೆ. ಸಂದರ್ಭ ನೋಡಿ ಸಲಹೆ ಕೊಡಬೇಕೆಂದು ಕೋರುತ್ತೇನೆ.

ಪೌರಿ ಅವರು ಬಾತ್ ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರ ಓದಿ, ಆಕ್ಸ್‌ಫರ್ಡಿನಲ್ಲಿ ಡಾನ್ ಮೇಸನ್ ಅವರ ಬಳಿ ಸಂಶೋಧನೆ ಮಾಡಿದರು. ಟಿ ಕೋಶಗಳು ಬಲಿಯುವ ಥೈಮಸ್ ಗ್ರಂಥಿಯಿಲ್ಲದೆ ಹುಟ್ಟಿದ ಇಲಿಗಳಿಗೆ ಆರೋಗ್ಯವಂತ ಇಲಿಯ ಟಿ ಕೋಶಗಳಲ್ಲಿ ಒಂದು ಬಗೆಯನ್ನು ಮಾತ್ರ ಬೇರ್ಪಡಿಸಿ ಕೊಟ್ಟಾಗ ಅವು ಸೊರಗಿ, ಹಲವು ಅಂಗಗಳಲ್ಲಿ ಉರಿಯೂತ ಕಾಣಿಸಿಕೊಂಡಿತು. ಇನ್ನೊಂದು ಬಗೆಯನ್ನೂ ಜೊತೆಗೆ ಕೊಟ್ಟಾಗ ಹಾಗಾಗಲಿಲ್ಲ. ಈ ಕೆಲಸ 1990ರಲ್ಲಿ ಪ್ರಕಟವಾಯಿತು. ಬಳಿಕ ಅವರು ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದ ಡಿಎನ್‌ಎಎಕ್ಸ್ ಸಂಸ್ಥೆ ಸೇರಿ, ರಾಬರ್ಟ್ ಕಾಫ್‌ಮನ್ ಅವರೊಡನೆ ಚಿಕ್ಕ ಜಾತಿಯ ಇಲಿಗಳಲ್ಲಿ ಇದನ್ನೇ ಮುಂದುವರಿಸಿದರು. ಆರೋಗ್ಯವಂತ ಇಲಿಯ ಗುಲ್ಮದಿಂದ ಸಿಡಿ4 ಎಂಬ ಗುರುತಿರುವ ಟಿ ಕೋಶಗಳನ್ನು ತೆಗೆದು, ಅವುಗಳ ಮೇಲ್ಮೈಯಲ್ಲಿರುವ ಸಿಡಿ45ಆರ್‌ಬಿ ಎಂಬ ಪ್ರೋಟೀನು ಹೆಚ್ಚಿದೆಯೋ ಕಡಿಮೆಯಿದೆಯೋ ಎಂದು ನೋಡಿ ಎರಡು ಗುಂಪು ಮಾಡಿದರು. ಟಿ ಕೋಶ, ಬಿ ಕೋಶ ಎರಡೂ ಇಲ್ಲದ ಇಲಿಗಳಿಗೆ ಮೊದಲ, ಅಂದರೆ ಆ ಪ್ರೋಟೀನು ಹೆಚ್ಚಿರುವ ಗುಂಪನ್ನು ಮಾತ್ರ ಕೊಟ್ಟರೆ, ಕೆಲವು ವಾರಗಳಲ್ಲಿ ಅವುಗಳ ತೂಕ ಇಳಿದು, ದೊಡ್ಡಕರುಳಿನ ಗೋಡೆ ದಪ್ಪಗಾಗಿ, ತೀವ್ರ ಉರಿಯೂತ ಬರುತ್ತಿತ್ತು. ಎರಡನೆಯ ಗುಂಪನ್ನೂ ಸೇರಿಸಿ ಕೊಟ್ಟ ಇಲಿಗಳು ಚೆನ್ನಾಗಿಯೇ ಇದ್ದವು. 1993ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ, ಕರುಳನ್ನು ಕೆಡಿಸಬಲ್ಲ ಕೋಶಗಳೂ ಅವನ್ನು ಹಿಡಿತದಲ್ಲಿಡುವ ಕೋಶಗಳೂ ಒಂದೇ ಆರೋಗ್ಯವಂತ ಮೈಯಲ್ಲಿ ಒಟ್ಟಿಗೆ ಇರುತ್ತವೆಂಬುದು ತಿಳಿಯಿತು.

ಫಲಕದ ವಾಕ್ಯ ಹೀಗಿದೆ: ‘ಕರುಳಿನಲ್ಲಿ ಈ ಕೋಶಗಳು ಇಲ್ಲದಿದ್ದರೆ, ಅಲ್ಲಿ ಸಹಜವಾಗಿ ನೆಲೆಸಿರುವ ಬ್ಯಾಕ್ಟೀರಿಯಾಗಳ ಮೇಲೆಯೇ ದೇಹ ತಿರುಗಿ ಬೀಳುತ್ತದೆ.’ ಇದರಲ್ಲಿ ‘ಈ’ ಇರುವ ಜಾಗಕ್ಕೆ ಹೆಸರು ಬೇಕು. ಸಂಪಾದಕರು ‘ದಮನಕ’ ಎಂದು ತಿದ್ದಿ ಕಳಿಸಿದ್ದಾರೆ. ನನಗೆ ಅದು ಒಪ್ಪಿಗೆಯಾಗುತ್ತಿಲ್ಲ.

ಇಂತಿ,
ಅನುವಾದಕಿ, ಮೈಸೂರು

* * *

ಅನುವಾದಕರಿಗೆ ನಮಸ್ಕಾರ.

‘ದಮನಕ’, ‘ನಿಯಂತ್ರಕ’, ‘ನಿಯಾಮಕ’ ಈ ಮೂರೂ ಬೇಡ. ನಿಮ್ಮ ಬರಹದಲ್ಲೇ ‘ಉರಿಯೂತ’ ಎಂಬ ಪದವಿದೆ. ಉರಿ, ಊತ ಎರಡೂ ಅಚ್ಚಗನ್ನಡ. ಪ್ರಾಚೀನ ರೋಮಿನ ವೈದ್ಯಕೀಯ ಲೇಖಕ ಸೆಲ್ಸಸ್ ಪಟ್ಟಿ ಮಾಡಿದ ಕೆಂಪು, ಊತ, ಬಿಸಿ, ನೋವು ಎಂಬ ನಾಲ್ಕು ಲಕ್ಷಣಗಳಲ್ಲಿ ಎರಡನ್ನು ಈ ಪದ ನೇರವಾಗಿ ಹೇಳಿಬಿಡುತ್ತದೆ. ಕೇಳಿದ ಕೂಡಲೇ ತಿಳಿಯುವ ಇಂತಹ ಪದ ಕಟ್ಟಲು ಬರುವ ಭಾಷೆಗೆ ಸಂಸ್ಕೃತದ ಸಾಲ ಏಕೆ ಬೇಕು? ಕುದುರೆಯ ಬಾಯಿಗೆ ಹಾಕುವ ‘ಕಡಿವಾಣ’ ನಮ್ಮಲ್ಲಿದೆ. ‘ಕಡಿವಾಣ ಹಾಕು’ ಎಂಬ ನುಡಿಗಟ್ಟು ಎಲ್ಲರಿಗೂ ಗೊತ್ತು. ‘ಕಡಿವಾಣಗೂಡು’ ಎನ್ನಿ. ‘ಕೋಶ’ವನ್ನೂ ಬಿಡಬಹುದು: 1665ರಲ್ಲಿ ರಾಬರ್ಟ್ ಹುಕ್ ಬಿರಡೆಮರದ ತೊಗಟೆಯ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಜೇನುಗೂಡಿಗೆ ಹೋಲಿಸಿದ್ದನು, ಆದುದರಿಂದ ‘ಗೂಡು’ ಮೂಲಕ್ಕೂ ಹತ್ತಿರ. ‘ಟಾಲರೆನ್ಸ್’ಗೆ ‘ತಾಳಿಕೆ’.

ಪುತ್ತೂರಿನಿಂದ

* * *

ಮಾನ್ಯರೇ,

ನಾನು ಹೊಟ್ಟೆ-ಕರುಳಿನ ರೋಗಗಳ ವೈದ್ಯ. ಪುತ್ತೂರಿನವರ ‘ಗೂಡು’ ನಡೆಯುವುದಿಲ್ಲ. ‘ಜೀವಕೋಶ’ ಶಾಲಾ ಪುಸ್ತಕಗಳಲ್ಲಿ ನೆಲೆನಿಂತ ಪದ. ಫಲಕ ಓದುವ ವಿದ್ಯಾರ್ಥಿ ಪರೀಕ್ಷೆಯಲ್ಲಿ ಬರೆಯುವುದೂ ಅದನ್ನೇ. ‘ತಾಳಿಕೆ’ಯೂ ನಡೆಯುವುದಿಲ್ಲ: ಚಪ್ಪಲಿ, ಬಟ್ಟೆ, ಛತ್ರಿ ತಾಳಿಕೆ ಬರುತ್ತವೆ, ಅಂದರೆ ಬಹುಕಾಲ ಉಳಿಯುತ್ತವೆ. ಅದು ಬೇರೆ ಅರ್ಥ.

ಸಂಪಾದಕರ ‘ದಮನಕ’ದ ಬಗ್ಗೆ ಅನುವಾದಕರಿಗೆ ಬಂದ ಅನುಮಾನ ಸರಿಯಾಗಿದೆ, ಅದಕ್ಕೆ ಚರಿತ್ರೆಯ ಬಲವೂ ಇದೆ. 1970ರ ದಶಕದಲ್ಲಿ ಇತರ ರೋಗನಿರೋಧಕ ಕೋಶಗಳನ್ನು ದಮನ ಮಾಡುತ್ತವೆಂದು ನಂಬಲಾಗಿದ್ದ ‘ಸಪ್ರೆಸರ್ ಟಿ ಸೆಲ್’ ಎಂಬ ಕೋಶಗಳ ಬಗ್ಗೆ ಬಹಳ ಸಂಶೋಧನೆ ನಡೆಯಿತು. ಅವುಗಳ ಗುರುತೆಂದು ನಂಬಲಾಗಿದ್ದ ಐ-ಜೆ ಎಂಬ ಜೀನು ಹೇಳಿದ ಜಾಗದಲ್ಲಿ ಇಲ್ಲವೇ ಇಲ್ಲವೆಂದು 1980ರ ದಶಕದಲ್ಲಿ ಗೊತ್ತಾದ ಮೇಲೆ ಇಡೀ ಕ್ಷೇತ್ರವೇ ನಂಬಿಕೆ ಕಳೆದುಕೊಂಡಿತು. ಪೌರಿ ಅವರು ಈ ಕೆಲಸ ಕೈಗೆತ್ತಿಕೊಂಡದ್ದು ಆ ಅಪನಂಬಿಕೆ ಇನ್ನೂ ಹಸಿಯಾಗಿದ್ದ ಕಾಲದಲ್ಲಿ. 1995ರಲ್ಲಿ ಜಪಾನಿನ ಶಿಮೊನ್ ಸಕಗುಚಿ ಅವರು ಹಿಡಿತದಲ್ಲಿಡುವ ಕೋಶಗಳ ಮೇಲ್ಮೈಯಲ್ಲಿ ಸಿಡಿ25 ಎಂಬ ಗುರುತಿರುವುದನ್ನು ತೋರಿಸಿದ ಮೇಲೆ ದಾರಿ ಇನ್ನಷ್ಟು ತೆರೆಯಿತು. ಇದೇ ಕೋಶಗಳ ಕೆಲಸಕ್ಕೆ 2025ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಮತ್ತು ಸಕಗುಚಿ ಅವರಿಗೆ ಬಂದಿದೆ. ಹಳೆಯದಕ್ಕೆ ‘ದಮನಕ’, ಹೊಸದಕ್ಕೆ ‘ನಿಯಂತ್ರಕ’ ಎಂದು ಬೇರೆ ಬೇರೆ ಇಡದಿದ್ದರೆ ಕನ್ನಡದ ಓದುಗನಿಗೆ ಈ ಏಳುಬೀಳು ತಿಳಿಯುವ ಬಗೆಯೇ ಇಲ್ಲ.

‘ಕಡಿವಾಣ’ ನನಗೂ ಇಷ್ಟದ ಪದವೇ. ಆದರೆ ‘ಬೆಲೆಯೇರಿಕೆಗೆ ಕಡಿವಾಣ’ ಎಂದು ಪತ್ರಿಕೆಗಳು ಬರೆದೂ ಬರೆದೂ ಅದರ ಅರ್ಥ ಈಗ ತಡೆ ಎಂಬಷ್ಟಕ್ಕೇ ನಿಂತಿದೆ. ಈ ಕೋಶಗಳು ಮಾಡುವುದು ಅಷ್ಟನ್ನೇ ಅಲ್ಲ. ಉರಿಯೂತ ಬಂದ ಮೇಲೆ ಕೊಟ್ಟರೂ ಅವು ಇಲಿಯ ಕರುಳನ್ನು ಮತ್ತೆ ಮೊದಲಿನ ಸ್ಥಿತಿಗೆ ತರಬಲ್ಲವೆಂದು ಪೌರಿ ಅವರ ತಂಡವೇ 2003ರಲ್ಲಿ ತೋರಿಸಿತು. ಐಎಲ್-10, ಟಿಜಿಎಫ್-ಬೀಟಾ ಎಂಬ ರಾಸಾಯನಿಕ ಸಂದೇಶಗಳಿಲ್ಲದೆ ಕರುಳಿನಲ್ಲಿ ಇವುಗಳ ಕೆಲಸ ಸಾಗದು. ಆಹಾರದ ಎ ವಿಟಮಿನ್ನಿನಿಂದ ದೇಹದಲ್ಲಿ ತಯಾರಾಗುವ ರೆಟಿನಾಯಿಕ್ ಆಮ್ಲ ಕರುಳಿನಲ್ಲಿ ಇಂತಹ ಕೋಶಗಳು ಹುಟ್ಟಲು ನೆರವಾಗುತ್ತದೆಂಬುದು ಅದೇ ತಂಡದ 2007ರ ಕೆಲಸ. ಹುಟ್ಟಿಸಲಾಗುವ, ಪೋಷಿಸಲಾಗುವ, ಗುಣಪಡಿಸುವ ಕೋಶಕ್ಕೆ ಬರಿಯ ತಡೆಯ ಹೆಸರು ಸಾಲದು.

ಕೇಳದ ಒಂದು ಮಾತನ್ನೂ ಹೇಳಬೇಕಾಗಿದೆ. ಫಲಕದಲ್ಲಿ ಎಲ್ಲಿಯೂ ‘ರೋಗನಿರೋಧಕ ಶಕ್ತಿ’ ಎಂದು ದಯವಿಟ್ಟು ಬರೆಯಬೇಡಿ. ‘ಶಕ್ತಿ’ ಎಂದೊಡನೆ ಅದು ಹೆಚ್ಚಿದಷ್ಟೂ ಒಳ್ಳೆಯದೆಂದು ಜನ ತಿಳಿಯುತ್ತಾರೆ, ಜಾಹೀರಾತುಗಳೂ ಹಾಗೆಯೇ ಹೇಳುತ್ತವೆ. ಕ್ರೋನ್ಸ್ ರೋಗ, ಅಂದರೆ ಕರುಳಿನ ದೀರ್ಘಕಾಲದ ಉರಿಯೂತ, ಬಂದವರು ನನ್ನೆದುರು ಕುಳಿತು ‘ಶಕ್ತಿ ಕಡಿಮೆಯಾಗಿದೆಯೇ ಡಾಕ್ಟರೇ, ಟಾನಿಕ್ ಬರೆದುಕೊಡಿ’ ಎಂದು ಕೇಳುತ್ತಾರೆ. ಅವರ ಕರುಳಿನಲ್ಲಿ ಆಗಿರುವುದು ಕಡಿಮೆಯಲ್ಲ, ಹಿಡಿತ ತಪ್ಪಿದ ಹೆಚ್ಚಳ. ಪೌರಿ ಅವರ ತಂಡ 2006ರಲ್ಲಿ ಐಎಲ್-23 ಎಂಬ ಸಂದೇಶವಾಹಕವು ಕರುಳಿನ ಉರಿಯೂತವನ್ನು ಹೇಗೆ ಕೆರಳಿಸುತ್ತದೆಂದು ತೋರಿಸಿತು. ಅದನ್ನು ಅಡ್ಡಗಟ್ಟುವ ಚುಚ್ಚುಮದ್ದುಗಳು ಇಂದು ಚಿಕಿತ್ಸೆಯಲ್ಲಿವೆ. ‘ರೋಗನಿರೋಧಕ ವ್ಯವಸ್ಥೆ’ ಎಂದರೆ ಸಾಕು.

ವೈದ್ಯ, ಹುಬ್ಬಳ್ಳಿ

* * *

ಹುಬ್ಬಳ್ಳಿಯ ಡಾಕ್ಟರ ಮಾತಿಗೆ ನನ್ನ ಪೂರ್ಣ ಒಪ್ಪಿಗೆ. ‘ಹತೋಟಿ ಕೋಶ’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳುತ್ತೇನೆ: ‘ಹತೋಟಿ’ ಮರಾಠಿಯ ‘ಹಾತೋಟಿ’ಯ ನಂಟಿನದು, ಆದುದರಿಂದ ಅಚ್ಚಗನ್ನಡದ ವಾದಕ್ಕೆ ಅದು ಒದಗದು.

ಸಾಲದ ಪದಗಳೆಲ್ಲ ಅಪಾರದರ್ಶಕ ಎಂಬುದೂ ಸರಿಯಲ್ಲ. ನಮ್ಮ ವೈದ್ಯಕೀಯ ಬರಹಗಳಲ್ಲಿ ‘ಲಿಂಫ್’ಗೆ, ಅಂದರೆ ಮೈಯ ಸಣ್ಣ ನಾಳಗಳಲ್ಲಿ ಹರಿಯುವ, ರೋಗನಿರೋಧಕ ಕೋಶಗಳಿರುವ ದ್ರವಕ್ಕೆ, ‘ದುಗ್ಧರಸ’ ಎಂಬ ಪದವಿದೆ. ದುಗ್ಧವೆಂದರೆ ಹಾಲು. 1622ರಲ್ಲಿ ಇಟಲಿಯ ಗಾಸ್ಪರೆ ಅಸೆಲ್ಲಿ, ಆಗತಾನೇ ಆಹಾರ ತಿಂದಿದ್ದ ನಾಯಿಯ ಹೊಟ್ಟೆ ತೆರೆದಾಗ ಕರುಳಿನಿಂದ ಹೊರಟ ಸಣ್ಣ ನಾಳಗಳಲ್ಲಿ ಹಾಲಿನಂತಹ ಬಿಳಿ ದ್ರವವನ್ನು ಕಂಡನು. ಊಟದ ಕೊಬ್ಬು ಸೇರಿದಾಗ ಕರುಳಿನ ದುಗ್ಧನಾಳಗಳು ಮಾತ್ರ ಹಾಗೆ ಬೆಳ್ಳಗಿರುತ್ತವೆ. ಮೈಯ ಉಳಿದ ಕಡೆಗಳಲ್ಲಿ ಆ ರಸ ತಿಳಿಯಾಗಿಯೇ ಇರುತ್ತದೆ. ಕರುಳಿನ ಕೋಶಗಳ ಕುರಿತ ಫಲಕದಲ್ಲಿ ‘ಲಿಂಫೋಸೈಟ್’ಗೆ (ಟಿ ಕೋಶ, ಬಿ ಕೋಶಗಳು ಸೇರುವ ಬಿಳಿ ರಕ್ತಕಣಗಳ ಗುಂಪಿಗೆ) ‘ದುಗ್ಧಕಣ’ ಎಂದು ಬರೆಯಲು ಇದಕ್ಕಿಂತ ತಕ್ಕ ಸಂದರ್ಭ ಸಿಗದು.

ಶಿವಮೊಗ್ಗದಿಂದ

* * *

ಎಲ್ಲರಿಗೂ ವಂದನೆಗಳು. ‘ನಿಯಂತ್ರಕ ಟಿ ಕೋಶ’ ಎಂದೂ, ‘ಟಾಲರೆನ್ಸ್’ಗೆ ‘ಸಹನೆ’ ಎಂದೂ ಇಟ್ಟಿದ್ದೇನೆ. ‘ದಮನಕ’ವನ್ನು 1970ರ ದಶಕದ ಪ್ರಸ್ತಾಪಕ್ಕೆ ಮಾತ್ರ ಉಳಿಸಿಕೊಂಡು, ಸಂಪಾದಕರಿಗೆ ಡಾಕ್ಟರ ಕಾರಣಗಳನ್ನು ಬರೆದು ಕಳಿಸಿದ್ದೇನೆ. ‘ಶಕ್ತಿ’ ಮೂರು ಕಡೆ ಇತ್ತು, ಮೂರೂ ಕಡೆ ‘ವ್ಯವಸ್ಥೆ’ಯಾಗಿದೆ. ‘ದುಗ್ಧಕಣ’ ಲೇಖನದಲ್ಲಿ ಬರುತ್ತದೆ, ಫಲಕದಲ್ಲಿ ಅದನ್ನು ವಿವರಿಸಲು ಜಾಗವಿಲ್ಲ.

ಅನುವಾದಕಿ, ಮೈಸೂರು

* * *

‘ಸಹನೆ’ಯನ್ನು ನಾನು ಒಪ್ಪುವುದಿಲ್ಲ, ಗಡುವು ಇರುವುದರಿಂದ ವಾದ ಬೆಳೆಸುವುದೂ ಇಲ್ಲ. ನಾಮಪದ ಯಾವುದೇ ಇರಲಿ, ಕ್ರಿಯಾಪದವನ್ನಾದರೂ ಕನ್ನಡದಲ್ಲಿಡಿ. ‘ನಿಯಂತ್ರಣವನ್ನು ಸಾಧಿಸುತ್ತವೆ’ ಎಂದು ಬರೆದಿದ್ದರೆ ಅಳಿಸಿ, ನೀವೇ ಮೊದಲ ಪತ್ರದಲ್ಲಿ ಬಳಸಿರುವ ‘ಹಿಡಿತದಲ್ಲಿಡುತ್ತವೆ’ ಎಂಬುದನ್ನು ಹಾಕಿ.

ಪುತ್ತೂರಿನಿಂದ