ಸಹಾಯ ಬೇಕು: ಮಗನ ಗೇಮ್ ಕನ್ಸೋಲ್ ರಿಪೇರಿ ಮಂಗಳೂರಿನಲ್ಲಿ ಎಲ್ಲಿ?

ನಮಸ್ಕಾರ. ಮಗನ ನಿಂಟೆಂಡೊ ಸ್ವಿಚ್ ಲೈಟ್ ಭಾನುವಾರ ಪಣಂಬೂರು ಬೀಚಿನಲ್ಲಿ ಮರಳಿಗೆ ಬಿತ್ತು. (ಬೀಚಿಗೆ ಅದನ್ನು ಯಾಕೆ ತಂದ ಅಂತ ಕೇಳಬೇಡಿ, ನಾನೂ ಕೇಳಿ ಸೋತಿದ್ದೇನೆ.) ಈಗ ಎಡಗಡೆಯ ಸ್ಟಿಕ್ (ಹೆಬ್ಬೆರಳಿನಿಂದ ಆಡಿಸುವ ಪುಟ್ಟ ಹಿಡಿ) ತಿರುಗಿಸಿದರೆ ಕರಕರ ಅನ್ನುತ್ತದೆ. ಮುಟ್ಟದಿದ್ದರೂ ಗೇಮಿನ ಬೊಂಬೆ ತನ್ನಷ್ಟಕ್ಕೇ ಎಡಕ್ಕೆ ನಡೆಯುತ್ತದೆ. ಸ್ಕ್ರೀನ್, ಚಾರ್ಜಿಂಗ್ ಸರಿ ಇದೆ.

ದೊಡ್ಡ ಸ್ವಿಚ್ ಆಗಿದ್ದರೆ ಪಕ್ಕದ ಕಂಟ್ರೋಲರ್ ಕಳಚಿ ಬೇರೆ ಹಾಕಬಹುದಿತ್ತು. ಸ್ವಿಚ್ ಲೈಟಿನಲ್ಲಿ ಸ್ಟಿಕ್ ಬಾಡಿಯಲ್ಲೇ ಇರುತ್ತದೆ, ಬಿಚ್ಚಲೇಬೇಕು. ಹಿಂದಿನ ಸ್ಕ್ರೂಗಳ ತಲೆಯಲ್ಲಿ 3 ಗೀಟು, ಮನೆಯ ಸ್ಕ್ರೂಡ್ರೈವರ್ ಕೂರುವುದಿಲ್ಲ. ಹಂಪನಕಟ್ಟೆಯ ಒಂದು ಮೊಬೈಲ್ ಅಂಗಡಿಯಲ್ಲಿ ತೋರಿಸಿದೆ. "ಇದೆಲ್ಲ ನಮ್ಮಲ್ಲಿ ಆಗುವುದಿಲ್ಲ ಮಾರಾಯ್ರೆ" ಅಂದರು.

ಸ್ಟಿಕ್ ಬದಲಿಸಿ ಅಭ್ಯಾಸ ಇರುವವರು ಮಂಗಳೂರು, ಸುರತ್ಕಲ್, ಉಡುಪಿ ಕಡೆ ಇದ್ದರೆ ತಿಳಿಸಿ. ನೀವು ಮಾಡಿಸಿದ್ದರೆ ಎಷ್ಟಾಯಿತು ಅಂತಲೂ ಹೇಳಿ. ಸುಮ್ನೆ ಬಿಚ್ಚಿ ನೋಡುವವರು ಬೇಡ.